ಒಂದು ಕಡಲಿನ ಮಳೆಗಾಲ, ಇನ್ನೊಂದು ಕಡಲಿನ ಹಂಗಾಮು: ಮುರುಡೇಶ್ವರದಿಂದ ಟ್ರಿಂಕೋಮಲಿಗೆ ಹೊರಟ ಹೂಡಿಕೆಯ ಪ್ರಕರಣ

ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಪ್ರವಾಸಿಗರನ್ನು ಸ್ಕೂಬಾ ಡೈವಿಂಗ್‌ಗೆ ಕರೆದೊಯ್ಯುವ ದೋಣಿಗಳು ಮೇ ತಿಂಗಳ ಕೊನೆಯಲ್ಲಿ ದಡ ಸೇರಿದರೆ, ಮಳೆ ತಗ್ಗಿ ಕಡಲು ತಿಳಿಯಾಗುವವರೆಗೆ ಮತ್ತೆ ನೀರಿಗೆ ಇಳಿಯುವುದಿಲ್ಲ. ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿದೆ. ಪ್ರವಾಸಿ ದೋಣಿಯವರ ಬಿಡುವು ಅದಕ್ಕಿಂತ ಉದ್ದ, ನಾಲ್ಕು ತಿಂಗಳ ಹತ್ತಿರ. ಈ ನಾಲ್ಕು ತಿಂಗಳು ಶ್ರೀಲಂಕಾದ ಪೂರ್ವ ಕರಾವಳಿಯ ಟ್ರಿಂಕೋಮಲಿಯಲ್ಲಿ ದುಡಿಯಬಹುದೇ ಎಂದು ನಮ್ಮ ಜಿಲ್ಲೆಯ ಮೂವರು ಪಾಲುದಾರರು ನಡೆಸಿದ ಪ್ರಯತ್ನದ ವಿವರ ಈ ಬರಹದಲ್ಲಿದೆ. ಬ್ಯಾಂಕಿನಲ್ಲಿ ವಿದೇಶಿ ವಿನಿಮಯದ ಕಡತಗಳನ್ನು ನೋಡಿ ನಿವೃತ್ತನಾದವನೆಂಬ ಕಾರಣಕ್ಕೆ ಕಾಗದಪತ್ರ ಪರಿಶೀಲಿಸಿಕೊಡಲು ಅವರು ನನ್ನನ್ನು ಕರೆದಿದ್ದರು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ; ಹೆಸರುಗಳನ್ನೂ ಹಣದ ಲೆಕ್ಕವನ್ನೂ ಬಿಟ್ಟಿದ್ದೇನೆ.

ಪಾಲುದಾರರಲ್ಲಿ ಹಿರಿಯರು ಎರಡು ದೋಣಿಗಳ ಒಡೆಯರು. ಅವರ ಮೂಲ ಮನೆ ಕಾರವಾರ ಮತ್ತು ಅಂಕೋಲೆಯ ನಡುವಿನ ಕಡಲಂಚಿನಲ್ಲಿತ್ತು. 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ನೌಕಾನೆಲೆ ಯೋಜನೆಗಾಗಿ ಊರು ಬಿಟ್ಟ ಮೀನುಗಾರ ಕುಟುಂಬಗಳಲ್ಲಿ ಅವರದೂ ಒಂದು. ಎರಡನೆಯವರು ಡೈವಿಂಗ್ ತರಬೇತುದಾರರು. ಮೂರನೆಯವರು ಶಿರಸಿ ಕಡೆಯ ಅಡಿಕೆ ಬೆಳೆಗಾರರು, ತೋಟದ ಮನೆಯಲ್ಲೇ ಹೋಂಸ್ಟೇ ನಡೆಸುತ್ತಾರೆ. ಬಂಡವಾಳದಲ್ಲಿ ದೊಡ್ಡ ಪಾಲು ಅವರದು.

ಹೊರಗೆ ಹೋಗಬೇಕೆಂಬ ಯೋಚನೆ ಹುಟ್ಟಿದ್ದು ಆಸೆಯಿಂದಲ್ಲ, ಅಳುಕಿನಿಂದ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಬಂದಾಯಿತು. ಆಗಸ್ಟ್ 7ರಂದು ಕಾರವಾರದ ಬಳಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು, ಗೋವಾ ಕಡೆಯಿಂದ ಬರುವ ದಾರಿಗೂ ಪೆಟ್ಟು ಬಿತ್ತು. ಅದೇ ಡಿಸೆಂಬರ್‌ನಲ್ಲಿ ಶೈಕ್ಷಣಿಕ ಪ್ರವಾಸಕ್ಕೆ ಬಂದಿದ್ದ ವಿದ್ಯಾರ್ಥಿನಿಯರು ಮುರುಡೇಶ್ವರದಲ್ಲಿ ಮುಳುಗಿ ಮೃತಪಟ್ಟ ದುರಂತದ ನಂತರ ಕಡಲತೀರವನ್ನು ಪ್ರವಾಸಿಗರಿಗೆ ಮುಚ್ಚಲಾಯಿತು. ಮುಚ್ಚಿದ್ದು ಸರಿಯೆಂದು ಪಾಲುದಾರರೂ ಹೇಳುತ್ತಾರೆ. ಆದರೆ ಒಂದೇ ದಡವನ್ನು ನಂಬಿದ ವ್ಯವಹಾರ ಆರು ತಿಂಗಳೊಳಗೆ ಮೂರು ಸಲ ಅಲುಗಾಡಿದಾಗ ಇನ್ನೊಂದು ದಡ ಬೇಕೆನ್ನಿಸುವುದು ಸಹಜ. ಹಿರಿಯರು ಆಗ ಹೇಳಿದ ಮಾತನ್ನು ಹಾಗೇ ಬರೆದಿಟ್ಟುಕೊಂಡಿದ್ದೆ: "ಮಳೆಗಾಲದಲ್ಲಿ ದೋಣಿ ದಡದ ಮೇಲೆ ಇರ್ತದೆ ಸರ್, ಸಾಲದ ಕಂತು ಮಾತ್ರ ದಡ ಹತ್ತುದಿಲ್ಲ."

ಟ್ರಿಂಕೋಮಲಿಯೇ ಏಕೆ?

ಇದಕ್ಕೆ ಉತ್ತರ ಗಾಳಿಯಲ್ಲಿದೆ. ನಮ್ಮ ಕರಾವಳಿಗೆ ಮಳೆ ಸುರಿಸುವ ಮುಂಗಾರು ಶ್ರೀಲಂಕಾದ ನೈರುತ್ಯ ತೀರವನ್ನೂ ತೋಯಿಸುತ್ತದೆ. ಆದರೆ ದ್ವೀಪದ ನಡುವಿನ ಬೆಟ್ಟಸಾಲು ಅದನ್ನು ತಡೆಯುವುದರಿಂದ ಪೂರ್ವ ತೀರದಲ್ಲಿ ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಬಿಸಿಲು, ತಿಳಿನೀರು, ಪ್ರವಾಸಿಗರ ಹಂಗಾಮು. ಅಲ್ಲಿಗೆ ಮಳೆ ಬರುವುದು ಹಿಂಗಾರಿನಲ್ಲಿ, ಎಂದರೆ ನೇತ್ರಾಣಿಯ ನೀರು ತಿಳಿಯಾಗಿ ನಮ್ಮಲ್ಲಿ ಗಿರಾಕಿ ಹೆಚ್ಚುವ ಕಾಲದಲ್ಲಿ. ಟ್ರಿಂಕೋಮಲಿಯ ಉತ್ತರಕ್ಕಿರುವ ನಿಲಾವೇಲಿ ದಡದಿಂದ ಒಂದು ಕಿ.ಮೀ.ನಷ್ಟು ದೂರದಲ್ಲಿ ಹವಳದ ದಿಬ್ಬಗಳಿಗೆ ಹೆಸರಾದ ಪಿಜನ್ ದ್ವೀಪವಿದೆ. 2003ರಲ್ಲಿ ಅದನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಗಿದೆ. ಒಂದೇ ಕಂಪ್ರೆಸರ್, ಅವೇ ಸಿಲಿಂಡರ್‌ಗಳು, ಅದೇ ತರಬೇತಾದ ಸಿಬ್ಬಂದಿ ಎರಡು ಕಡಲುಗಳಲ್ಲಿ ವರ್ಷವಿಡೀ ದುಡಿಯಬಹುದು ಎಂಬುದು ತರಬೇತುದಾರರ ಲೆಕ್ಕ. ಪ್ರವಾಸೋದ್ಯಮದಲ್ಲಿ ನೆರೆಯ ದೇಶಗಳು ಕೈಜೋಡಿಸಬೇಕು ಎಂಬುದಕ್ಕೆ ಸಭೆಗಳಲ್ಲಿ ಕೇಳಿಬರುವ ಕಾರಣಗಳಿಗಿಂತ ಈ ಕಾರಣ ನನಗೆ ಹೆಚ್ಚು ಗಟ್ಟಿಯಾಗಿ ಕಂಡಿತು.

ಶಿರಸಿಯವರನ್ನು ಒಪ್ಪಿಸಿದ್ದು ಬೇರೆಯೇ ಎಳೆ. ಟ್ರಿಂಕೋಮಲಿಯ ಪ್ರಾಚೀನ ಹೆಸರು ಗೋಕಣ್ಣ, ಎಂದರೆ ಗೋಕರ್ಣ. ಅಲ್ಲಿನ ಬಂಡೆಯ ಮೇಲಿರುವ ಕೋಣೇಶ್ವರ ದೇಗುಲಕ್ಕೂ ರಾವಣನ ಕಥೆ ಅಂಟಿಕೊಂಡಿದೆ. ದೇಗುಲದ ಪಕ್ಕದ ಬಂಡೆಯ ಸೀಳನ್ನು ರಾವಣನೇ ಕಡಿದದ್ದೆಂದು ತೋರಿಸುತ್ತಾರೆ. ಲಂಕೆಗೆ ಒಯ್ಯಬೇಕಿದ್ದ ಆತ್ಮಲಿಂಗ ನಮ್ಮ ಗೋಕರ್ಣದಲ್ಲೇ ನೆಲೆಯೂರಿ, ಅದರ ಚೂರುಗಳಿಂದ ಮುರುಡೇಶ್ವರ, ಧಾರೇಶ್ವರಗಳಾದವೆಂಬ ಸ್ಥಳಪುರಾಣ ಕೇಳಿ ಬೆಳೆದವರಿಗೆ, ಆ ಲಿಂಗ ತಲುಪಬೇಕಿದ್ದ ನಾಡಿನಲ್ಲೂ ಒಂದು ಗೋಕರ್ಣವಿದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡು ಗೋಕರ್ಣಗಳ ಯಾತ್ರೆಯನ್ನು ಒಂದೇ ಪ್ಯಾಕೇಜಿನಲ್ಲಿ ಕೊಡುವ ಯೋಚನೆ ಮೂಡಿದ್ದು ಹೀಗೆ.

ನೇಪಾಳದ ಕಡೆಗೊಂದು ನೋಟ

ಶ್ರೀಲಂಕಾದ ಮಾತು ಬರುವ ಮೊದಲು ಶಿರಸಿಯವರ ಒಲವು ನೇಪಾಳದ ಕಡೆಗಿತ್ತು. ಅಲ್ಲಿಗೆ ಭಾರತೀಯರಿಗೆ ವೀಸಾ ಬೇಡ. ನಮ್ಮ ಒಂದು ರೂಪಾಯಿಗೆ ಅಲ್ಲಿನ 1.60 ರೂಪಾಯಿ ಎಂಬ ದರ ಸ್ಥಿರವಾಗಿರುವುದರಿಂದ ವಿನಿಮಯದ ಏರಿಳಿತದ ಭಯವೂ ಇಲ್ಲ. ಪೋಖರಾ ಸುತ್ತಮುತ್ತ ಒಂದು ಹೋಂಸ್ಟೇ ನಡೆಸಬೇಕೆಂಬುದು ಅವರ ಇಚ್ಛೆ. ಆದರೆ ನೇಪಾಳದ 2019ರ ವಿದೇಶಿ ಹೂಡಿಕೆ ಮತ್ತು ತಂತ್ರಜ್ಞಾನ ವರ್ಗಾವಣೆ ಕಾಯ್ದೆಯು ವಿದೇಶಿಯರಿಗೆ ಮುಚ್ಚಿಟ್ಟ ಕ್ಷೇತ್ರಗಳ ಪಟ್ಟಿಯಲ್ಲಿ ಟ್ರಾವೆಲ್ ಏಜೆನ್ಸಿ, ಚಾರಣದ ಗೈಡ್ ಕೆಲಸ ಮತ್ತು ಹೋಂಸ್ಟೇ ಸೇರಿದ ಗ್ರಾಮೀಣ ಪ್ರವಾಸೋದ್ಯಮ ಸ್ಪಷ್ಟವಾಗಿ ಸೇರಿವೆ. ಹೋಟೆಲ್ ಕಟ್ಟಬಹುದು, ಆದರೆ ವಿದೇಶಿ ಹೂಡಿಕೆಯ ಕನಿಷ್ಠ ಮೊತ್ತ ಎರಡು ಕೋಟಿ ನೇಪಾಳಿ ರೂಪಾಯಿ; ಅದೂ 2022ರಲ್ಲಿ ಐದು ಕೋಟಿಯಿಂದ ಇಳಿಸಿದ ಮೇಲೆ.

ಶಿರಸಿಯವರಿಗೆ ಮೊದಲು ಸಿಟ್ಟು ಬಂತು. ನೆರೆಯವರು ಬಂದು ನಾಲ್ಕು ಕೋಣೆ ನಡೆಸಿದರೆ ಯಾರ ಗಂಟು ಹೋಗುತ್ತದೆ ಎಂದರು. ಆದರೆ ಇದೇ ಮಹಾಶಯರು ಗೋಕರ್ಣದ ಕಡಲತೀರಗಳಲ್ಲಿ ಹೊರಗಿನ ಬಂಡವಾಳದವರು ಊರಿನವರ ಗುಡಿಸಲು ಹೋಟೆಲುಗಳನ್ನು ವರ್ಷಗಟ್ಟಲೆ ಲೀಸಿಗೆ ಹಿಡಿದು, ಊರಿನವರನ್ನೇ ಕೂಲಿಗಿಟ್ಟುಕೊಳ್ಳುತ್ತಾರೆ ಎಂದು ನನ್ನೆದುರೇ ಹಲವು ಸಲ ಬೇಸರಿಸಿಕೊಂಡವರು. 2020ರಲ್ಲಿ ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿ, ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದೆಂದಾಗ ತೋಟಗಳ ಗತಿ ಏನು ಎಂದು ಕೇಳಿದವರೂ ಅವರೇ. ಭಾರತದಲ್ಲಿ ಹೋಟೆಲ್ ಮತ್ತು ಪ್ರವಾಸೋದ್ಯಮಕ್ಕೆ ಸರ್ಕಾರದ ಮುಂಗಡ ಅನುಮತಿಯಿಲ್ಲದೆ ನೂರಕ್ಕೆ ನೂರು ವಿದೇಶಿ ಹೂಡಿಕೆಗೆ ಅವಕಾಶವಿದೆ. ನೇಪಾಳವು ಮನೆಯಂಗಳದ ದುಡಿಮೆಯನ್ನು ಮನೆಯವರಿಗೇ ಉಳಿಸಿ, ದೊಡ್ಡ ಬಂಡವಾಳಕ್ಕೆ ಹೆಬ್ಬಾಗಿಲು ತೆರೆದಿದೆ. ಇದನ್ನು ತೋರಿಸಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರು ಮಾಡಿದ್ದು ಸರಿ, ನನಗೆ ಅಡ್ಡ ಬಂತು ಅಷ್ಟೇ" ಎಂದರು. ಈ ಪ್ರಕರಣದ ತಿರುಳು ನನ್ನ ಮಟ್ಟಿಗೆ ಆ ಮಾತಿನಲ್ಲೇ ಇದೆ, ಏಕೆಂದರೆ ಮುಂದೆ ಜಾಗದ ಪ್ರಶ್ನೆ ಬಂದಾಗ ಅದು ಮತ್ತೆ ಎದುರಾಯಿತು.

ಕೂಟಗಳು ಕೊಟ್ಟದ್ದೇನು?

ದಕ್ಷಿಣ ಏಷ್ಯಾದ ದೇಶಗಳು ಕೂಟ ಕಟ್ಟಿಕೊಂಡು ನಾಲ್ಕು ದಶಕಗಳಾದವು. 1985ರಲ್ಲಿ ಢಾಕಾದಲ್ಲಿ ಹುಟ್ಟಿದ ಸಾರ್ಕ್ 1992ರಲ್ಲಿ ವೀಸಾ ವಿನಾಯಿತಿ ಯೋಜನೆ ತಂದಿತು. ಅದು ಗಣ್ಯರು, ನ್ಯಾಯಾಧೀಶರು, ಸಂಸದರು, ಪತ್ರಕರ್ತರು, ವ್ಯಾಪಾರಿಗಳು ಮುಂತಾದ 24 ವರ್ಗಗಳಿಗೆ ಮೀಸಲು. ಎರಡು ದೋಣಿಗಳ ಒಡೆಯರೂ ವ್ಯಾಪಾರಿಯೇ ಆದರೂ ಆ ವರ್ಗದ ಚೀಟಿ ಅವರಂಥವರ ಪಾಸ್‌ಪೋರ್ಟಿಗೆ ಅಂಟುವುದು ದೂರದ ಮಾತು. 2014ರ ಕಠ್ಮಂಡು ಶೃಂಗಸಭೆಯ ನಂತರ ಸಾರ್ಕ್ ನಾಯಕರು ಒಟ್ಟಿಗೆ ಕುಳಿತೇ ಇಲ್ಲ.

ಭಾರತ, ಬಾಂಗ್ಲಾದೇಶ, ಭೂತಾನ್, ನೇಪಾಳ, ಶ್ರೀಲಂಕಾ, ಮ್ಯಾನ್ಮಾರ್ ಮತ್ತು ಥಾಯ್ಲೆಂಡ್ ಸೇರಿದ ಬಿಮ್‌ಸ್ಟೆಕ್ 1997ರದು. ಅದರ ಸನದು 2022ರಲ್ಲಿ ಸಹಿಯಾಗಿ 2024ರ ಮೇ 20ರಂದು ಜಾರಿಗೆ ಬಂತು. ಕೆಲಸಗಳನ್ನು ಏಳು ವಿಭಾಗಗಳಾಗಿ ಮಾಡಿ ಒಂದೊಂದು ದೇಶಕ್ಕೆ ಒಂದೊಂದರ ಮುಂದಾಳತ್ವ ವಹಿಸಲಾಗಿದೆ. ದೇಶದೇಶಗಳ ಜನರ ನಡುವಿನ ಸಂಪರ್ಕದ ವಿಭಾಗದೊಳಗೆ ಬರುವ ಪ್ರವಾಸೋದ್ಯಮ ನೇಪಾಳದ ಪಾಲು, ವ್ಯಾಪಾರ ಮತ್ತು ಹೂಡಿಕೆ ಬಾಂಗ್ಲಾದೇಶದ ಪಾಲು, ಸಂಪರ್ಕ ವ್ಯವಸ್ಥೆ ಥಾಯ್ಲೆಂಡಿನ ಪಾಲು. ಕಾಗದದ ಮೇಲೆ ಇದು ಚೊಕ್ಕ ಹಂಚಿಕೆ. ಆದರೆ ಪ್ರವಾಸೋದ್ಯಮದಲ್ಲಿ ಹಣ ಹೂಡುವವನಿಗೆ ಈ ಮೂರೂ ಒಂದೇ ದಿನದ ಕೆಲಸ: ಪ್ರವಾಸಿ ಬರಬೇಕು, ಹಣ ಹೋಗಬೇಕು, ದಾರಿ ಇರಬೇಕು. ಮೂರು ರಾಜಧಾನಿಗಳಲ್ಲಿ ಹಂಚಿಹೋದ ವಿಷಯವನ್ನು ಜೋಡಿಸಿ ನೋಡುವ ಮೇಜು ನನಗಂತೂ ಎಲ್ಲೂ ಕಾಣಲಿಲ್ಲ. ಇನ್ನು ಹೂಡಿಕೆಗೆ ರಕ್ಷಣೆ ಕೊಡುವ ದ್ವಿಪಕ್ಷೀಯ ಒಪ್ಪಂದಗಳ ವಿಷಯ: ಹೊಸ ಮಾದರಿ ಒಪ್ಪಂದ ರೂಪಿಸಿದ ಮೇಲೆ ಭಾರತವೇ ಹಳೆಯವುಗಳಲ್ಲಿ ಬಹುಪಾಲನ್ನು ಕೊನೆಗೊಳಿಸಿತು.

ಹಣ ಹೋಗುವ ದಾರಿ

ಇಲ್ಲಿನ ನಿಯಮಗಳು ಪಾಲುದಾರರು ಹೆದರಿದ್ದಷ್ಟು ಬಿಗಿಯಾಗಿರಲಿಲ್ಲ. ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಡಿ ಭಾರತದ ನಿವಾಸಿಯೊಬ್ಬರು ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್‌ವರೆಗೆ ಹೊರಗೆ ಕಳಿಸಬಹುದು. 2022ರ ಆಗಸ್ಟ್ 22ರಂದು ಜಾರಿಗೆ ಬಂದ ಸಾಗರೋತ್ತರ ಹೂಡಿಕೆ ನಿಯಮಗಳು ನೋಂದಾಯಿತ ಪಾಲುದಾರಿಕೆ ಸಂಸ್ಥೆಯನ್ನೂ ಹೂಡಿಕೆಗೆ ಅರ್ಹವೆಂದು ಗುರುತಿಸುತ್ತವೆ. ವ್ಯಕ್ತಿಯಾಗಿ ಕಳಿಸುವುದಾದರೆ 2025ರ ಏಪ್ರಿಲ್‌ನಿಂದ 10 ಲಕ್ಷ ರೂಪಾಯಿ ಮೀರಿದ ಭಾಗಕ್ಕೆ ಬ್ಯಾಂಕು ಶೇ 20ರಷ್ಟು ತೆರಿಗೆಯನ್ನು ಮೂಲದಲ್ಲೇ ಹಿಡಿಯುತ್ತದೆ. ರಿಟರ್ನ್ ಸಲ್ಲಿಸಿದಾಗ ಅದು ಜಮೆಯಾಗುತ್ತದೆಯಾದರೂ ಅಲ್ಲಿಯವರೆಗೆ ಕೈಯಲ್ಲಿರುವುದಿಲ್ಲ. ಸಣ್ಣ ವ್ಯವಹಾರಕ್ಕೆ ಕೈಯಲ್ಲಿರುವ ಹಣವೇ ಉಸಿರು. ಆದ್ದರಿಂದ ಮೊದಲು ಪಾಲುದಾರಿಕೆಯನ್ನು ನೋಂದಾಯಿಸಿ ಅದರ ಹೆಸರಲ್ಲೇ ಹೂಡಿರೆಂದು ಸಲಹೆ ಕೊಟ್ಟೆ. ಅಲ್ಲಿಯವರೆಗೆ ಅವರದು ಬಾಯಿಮಾತಿನ ಪಾಲುದಾರಿಕೆ.

ಶ್ರೀಲಂಕಾದ ಕಡೆ ಹಣವು ಒಳಬರುವ ಹೂಡಿಕೆಗೆಂದೇ ತೆರೆಯುವ ವಿಶೇಷ ಖಾತೆಯ ಮೂಲಕ ಹೋಗಬೇಕು. 2017ರ ವಿದೇಶಿ ವಿನಿಮಯ ಕಾಯ್ದೆಯಡಿ ಲಾಭವನ್ನೂ ಅಸಲನ್ನೂ ಹಿಂದಕ್ಕೆ ತರುವ ದಾರಿಯೂ ಅದೇ. ಪ್ರವಾಸಿ ಸೇವೆ ಕೊಡುವವರು 2005ರ ಪ್ರವಾಸೋದ್ಯಮ ಕಾಯ್ದೆಯಡಿ ಅಲ್ಲಿನ ಪ್ರವಾಸೋದ್ಯಮ ಅಭಿವೃದ್ಧಿ ಪ್ರಾಧಿಕಾರದಲ್ಲಿ ನೋಂದಾಯಿಸಿಕೊಳ್ಳಬೇಕು. ಟ್ರಾವೆಲ್ ಏಜೆನ್ಸಿಯಲ್ಲಿ ವಿದೇಶಿ ಪಾಲು ಶೇ 40 ದಾಟಬೇಕಾದರೆ ಹೂಡಿಕೆ ಮಂಡಳಿಯ ಒಪ್ಪಿಗೆ ಬೇಕು. ಕರಾವಳಿ ಮೀನುಗಾರಿಕೆಯಂತೂ ವಿದೇಶಿಯರಿಗೆ ಪೂರ್ತಿ ಮುಚ್ಚಿದೆ. ಈ ಕೊನೆಯ ನಿಯಮವನ್ನು ಓದಿ ಹೇಳಿದಾಗ ಹಿರಿಯ ಪಾಲುದಾರರು ತಲೆದೂಗಿದರು.

ಅಪಾಯದ ಲೆಕ್ಕವನ್ನೂ ಹಾಕಬೇಕಿತ್ತು. 2018ರಲ್ಲಿ ಶ್ರೀಲಂಕಾಕ್ಕೆ ಬಂದ ವಿದೇಶಿ ಪ್ರವಾಸಿಗರು 23.3 ಲಕ್ಷ. 2019ರ ಈಸ್ಟರ್ ದಿನದ ಬಾಂಬ್ ದಾಳಿ, ನಂತರ ಕೋವಿಡ್. 2021ರಲ್ಲಿ ಬಂದವರು ಎರಡು ಲಕ್ಷಕ್ಕೂ ಕಡಿಮೆ. 2022ರಲ್ಲಿ ದೇಶವೇ ಸಾಲ ತೀರಿಸಲಾಗದೆ ಕೈಚೆಲ್ಲಿತು. 2024ಕ್ಕೆ ಸಂಖ್ಯೆ ಮತ್ತೆ 20 ಲಕ್ಷ ದಾಟಿತು, ಅವರಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಮಂದಿ ಭಾರತೀಯರು. ಬೀಳುವುದೂ ಏಳುವುದೂ ಇಷ್ಟು ಬೇಗ ಆಗುವ ಕಡೆ ದೊಡ್ಡ ಕಟ್ಟಡ ಕಟ್ಟಬಾರದು, ಎತ್ತಿಕೊಂಡು ಬರಬಹುದಾದ ವಸ್ತುಗಳಲ್ಲೇ ಹಣ ಇರಬೇಕು ಎಂಬುದು ನನ್ನ ನಿಲುವಾಗಿತ್ತು.

ಜಾಗದ ಪ್ರಶ್ನೆ

2025ರ ಬೇಸಿಗೆಯಲ್ಲಿ ಹಿರಿಯರೂ ತರಬೇತುದಾರರೂ ನಿಲಾವೇಲಿಗೆ ಹೋಗಿಬಂದರು. ಮುರುಡೇಶ್ವರದಿಂದ ಬೆಂಗಳೂರಿಗೆ ಒಂದು ರಾತ್ರಿ, ಅಲ್ಲಿಂದ ವಿಮಾನದಲ್ಲಿ ಕೊಲಂಬೊ, ಮತ್ತೆ ರಸ್ತೆಯಲ್ಲಿ ಅರ್ಧ ದಿನ. ನಾಗಪಟ್ಟಿಣದಿಂದ ಕಾಂಕೇಸಂತುರೈಗೆ 2023ರ ಅಕ್ಟೋಬರ್‌ನಲ್ಲಿ ಶುರುವಾದ ಹಡಗು ಸೇವೆ ಬೇಗನೆ ನಿಂತು, 2024ರ ಆಗಸ್ಟ್‌ನಲ್ಲಿ ಮತ್ತೆ ಆರಂಭವಾಗಿತ್ತಾದರೂ ಸಲಕರಣೆ ಸಾಗಿಸಲು ಅದನ್ನು ನೆಚ್ಚುವ ಧೈರ್ಯ ಇವರಿಗಾಗಲಿಲ್ಲ.

ಅಲ್ಲೊಬ್ಬ ಮಧ್ಯವರ್ತಿ ಕಡಲಿಗೆ ಮುಖಮಾಡಿದ ಒಂದು ತುಂಡು ಜಾಗ ತೋರಿಸಿ, ದೀರ್ಘಾವಧಿಯ ಗುತ್ತಿಗೆಗೆ ಸಿಗುತ್ತದೆ ಎಂದ. ಶ್ರೀಲಂಕಾದ 2014ರ ಭೂ ಪರಭಾರೆ ನಿರ್ಬಂಧ ಕಾಯ್ದೆಯ ಪ್ರಕಾರ ವಿದೇಶಿಯರಾಗಲಿ, ಶೇ 50 ಅಥವಾ ಹೆಚ್ಚು ವಿದೇಶಿ ಪಾಲಿರುವ ಕಂಪನಿಯಾಗಲಿ ಸಾಮಾನ್ಯವಾಗಿ ಜಮೀನು ಕೊಳ್ಳುವಂತಿಲ್ಲ. 99 ವರ್ಷದವರೆಗೆ ಗುತ್ತಿಗೆ ಪಡೆಯಬಹುದು. ಕೇಳಿದ ದರ ನಮ್ಮ ಗೋಕರ್ಣದ ದರಕ್ಕೆ ಹೋಲಿಸಿದರೆ ಅಗ್ಗವೇ. ತರಬೇತುದಾರರು ಮುಂಗಡ ಕೊಡಲು ತಯಾರಾಗಿದ್ದರು. ಹಿರಿಯರು ಮಾತ್ರ ಅಲ್ಲಿದ್ದ ಒಂದು ಹಳೆಯ ಬಾವಿಕಟ್ಟೆಯನ್ನೂ ಸಾಲಾಗಿ ನೆಟ್ಟ ತೆಂಗಿನ ಮರಗಳನ್ನೂ ನೋಡಿ, ಮೊದಲು ಇಲ್ಲಿ ಯಾರಿದ್ದರು ಎಂದು ಕೇಳಿದರು. ಮಧ್ಯವರ್ತಿ ಯಾರೂ ಇರಲಿಲ್ಲ ಎಂದ. ಯಾರೂ ಇಲ್ಲದ ಕಡೆ ಬಾವಿ ತೋಡುವವರು ಯಾರು ಎಂಬುದು ಅವರ ಮರುಪ್ರಶ್ನೆ.

ಆ ಪ್ರಶ್ನೆ ಕಾನೂನಿನ ದೃಷ್ಟಿಯಿಂದಲೂ ಸರಿಯಾದದ್ದೇ. 2009ರ ಮೇ ತಿಂಗಳಲ್ಲಿ ಮುಗಿದ ಅಂತರ್ಯುದ್ಧದ ಅವಧಿಯಲ್ಲಿ ಉತ್ತರ ಮತ್ತು ಪೂರ್ವ ತೀರಗಳ ಜನ ಮತ್ತೆ ಮತ್ತೆ ಮನೆ ಬಿಟ್ಟು ಓಡಿದ್ದಾರೆ. ದಾಖಲೆಗಳು ಕಳೆದಿವೆ, ಒಂದೇ ಜಾಗಕ್ಕೆ ಇಬ್ಬರು ಮೂವರು ಹಕ್ಕುದಾರರಿದ್ದಾರೆ. ನಮ್ಮಲ್ಲಿನ ಪಹಣಿಯಂತೆ ಸರ್ವೆ ನಂಬರ್ ಹಾಕಿ ತೆಗೆದು ನೋಡುವ ಒಂದೇ ಕಾಗದ ಅಲ್ಲಿಲ್ಲ. ಬಹುತೇಕ ಕಡೆ ಪತ್ರಗಳ ನೋಂದಣಿ ಇದೆಯೇ ಹೊರತು ಹಕ್ಕಿನ ನೋಂದಣಿ ದೇಶದಾದ್ಯಂತ ಪೂರ್ಣಗೊಂಡಿಲ್ಲ. ವಕೀಲರ ಮೂಲಕ ಹಿಂದಿನ ಪತ್ರಗಳನ್ನು ಕೇಳಿದಾಗ ಸರಪಳಿ ಒಂದು ಕಡೆ ತುಂಡಾಗಿತ್ತು. ನೌಕಾನೆಲೆಗೆ ಜಾಗ ಬಿಟ್ಟುಬಂದ ಮನೆಯ ಮಗನಿಗೆ ಅಷ್ಟು ಸಾಕಾಯಿತು. ಜಾಗ ಬೇಡವೆಂದು ಅವರು ಹೇಳಿದ ಮೇಲೆ ಉಳಿದಿಬ್ಬರು ವಾದಿಸಲಿಲ್ಲ. ವಿದೇಶಿ ಹೂಡಿಕೆಗೆ ಸ್ವಾಗತ ಕೋರುವ ಸರ್ಕಾರಿ ಕೈಪಿಡಿಗಳಲ್ಲಿ ತೆರಿಗೆ ರಜೆಯ ವಿವರ ಪುಟಗಟ್ಟಲೆ ಇರುತ್ತದೆ. ಜಾಗದ ಹಿಂದಿನ ಚರಿತ್ರೆಯನ್ನು ಪರಿಶೀಲಿಸಿ ಕೊಡುವ ವ್ಯವಸ್ಥೆ ಒಂದಿದ್ದರೆ ಪ್ರಾಮಾಣಿಕ ಹೂಡಿಕೆದಾರನಿಗೆ ಅದು ಯಾವ ರಿಯಾಯಿತಿಗಿಂತಲೂ ಮೇಲು.

ಜನ ಹೋಗಿಬರುವ ದಾರಿ

ಜಾಗ ಬಿಟ್ಟ ಮೇಲೆ ಉಳಿದದ್ದು ಸಿಬ್ಬಂದಿಯ ವಿನಿಮಯ. ನಮ್ಮ ಮಳೆಗಾಲದಲ್ಲಿ ಇಲ್ಲಿನವರು ಅಲ್ಲಿಗೆ, ಅವರ ಮಳೆಗಾಲದಲ್ಲಿ ಅಲ್ಲಿನವರು ಇಲ್ಲಿಗೆ. ಅಲ್ಲಿ ದುಡಿಯಲು ನಿವಾಸ ವೀಸಾ ಬೇಕು, ಅದಕ್ಕೆ ಅಲ್ಲಿನ ಸಂಸ್ಥೆಯೊಂದು ಅರ್ಜಿ ಹಾಕಬೇಕು. ಕಷ್ಟ, ಆದರೆ ಸಾಧ್ಯ. ಗೋಡೆ ಎದುರಾದದ್ದು ನಮ್ಮ ಕಡೆಯಲ್ಲೇ. ಭಾರತದ ಉದ್ಯೋಗ ವೀಸಾಕ್ಕೆ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ವರ್ಷಕ್ಕೆ 16.25 ಲಕ್ಷ ರೂಪಾಯಿಗೂ ಹೆಚ್ಚಿನ ಸಂಬಳ ಇರಬೇಕು. ಮುರುಡೇಶ್ವರದಲ್ಲಿ ಯಾವ ಡೈವಿಂಗ್ ಗೈಡ್‌ಗೂ ಅಷ್ಟು ಸಂಬಳವಿಲ್ಲ, ಮಾಲೀಕರಿಗೇ ಅಷ್ಟು ಉಳಿಯುವುದಿಲ್ಲ. ಎರಡೂ ದಡದ ಹುಡುಗರ ಕೈಯಲ್ಲಿರುವುದು ಒಂದೇ ಅಂತರರಾಷ್ಟ್ರೀಯ ಖಾಸಗಿ ಸಂಸ್ಥೆಯ ಡೈವಿಂಗ್ ಪ್ರಮಾಣಪತ್ರ. ಆ ಸಂಸ್ಥೆ ಒಪ್ಪಿದ ಕೌಶಲವನ್ನು ಎರಡು ಸರ್ಕಾರಗಳು ಪರಸ್ಪರ ಒಪ್ಪುವ ಏರ್ಪಾಡು ಇನ್ನೂ ಆಗಿಲ್ಲ.

ಬೇರೆ ಕಡೆ ಇದಕ್ಕೆ ಪ್ರಯತ್ನಗಳು ನಡೆದಿವೆ. ಆಗ್ನೇಯ ಏಷ್ಯಾದ ಆಸಿಯಾನ್ ದೇಶಗಳು ಹೋಟೆಲ್ ಮತ್ತು ಪ್ರವಾಸ ಸೇವೆಯ 32 ಹುದ್ದೆಗಳಿಗೆ ಪರಸ್ಪರ ಮಾನ್ಯವಾಗುವ ಅರ್ಹತೆಗಳನ್ನು ಗೊತ್ತುಮಾಡಿಕೊಂಡಿವೆ. ಅದರಿಂದ ಕೆಲಸದ ಪರವಾನಗಿ ತಾನಾಗಿ ಸಿಗುವುದಿಲ್ಲವಾದರೂ ಅರ್ಹತೆಯನ್ನು ಮತ್ತೆ ಸಾಬೀತು ಮಾಡುವ ಗೋಳು ತಗ್ಗುತ್ತದೆ. 2012ರಲ್ಲಿ ಜಾರಿಯಾದ ಅವರ ಸಮಗ್ರ ಹೂಡಿಕೆ ಒಪ್ಪಂದ ಹೂಡಿಕೆದಾರನಿಗೆ ವ್ಯಾಜ್ಯ ತೀರ್ಮಾನದ ದಾರಿಯನ್ನೂ ಕೊಡುತ್ತದೆ. ನನಗೆ ಇನ್ನೂ ಹೆಚ್ಚು ಹಿಡಿಸಿದ್ದು ಆಫ್ರಿಕಾ ಖಂಡದ ದಕ್ಷಿಣ ಭಾಗದ ಉದಾಹರಣೆ. ಅಂಗೋಲಾ, ಬೋಟ್ಸ್ವಾನ, ನಮೀಬಿಯಾ, ಜಾಂಬಿಯಾ, ಜಿಂಬಾಬ್ವೆ ದೇಶಗಳು 2011ರಲ್ಲಿ ಒಪ್ಪಂದಕ್ಕೆ ಸಹಿಹಾಕಿ, ಸುಮಾರು 5,20,000 ಚದರ ಕಿ.ಮೀ.ಯ ಕಾಜಾ ಎಂಬ ಗಡಿಯಾಚೆಗಿನ ಸಂರಕ್ಷಿತ ವಲಯವನ್ನು ಕಟ್ಟಿಕೊಂಡವು. ಆದರೆ ಒಂದೇ ವೀಸಾದ ಪ್ರಯೋಗಕ್ಕೆ ಐದು ದೇಶಗಳೂ ಸಿದ್ಧವಾಗಲೆಂದು ಕಾಯಲಿಲ್ಲ. ವಿಕ್ಟೋರಿಯಾ ಜಲಪಾತವನ್ನು ಹಂಚಿಕೊಂಡಿರುವ ಜಾಂಬಿಯಾ ಮತ್ತು ಜಿಂಬಾಬ್ವೆ ಎರಡೇ 2014ರಲ್ಲಿ 50 ಡಾಲರಿನ, 30 ದಿನಗಳ ಜಂಟಿ ವೀಸಾ ಶುರುಮಾಡಿದವು. ಅದರಲ್ಲೇ ಬೋಟ್ಸ್ವಾನಕ್ಕೆ ಒಂದು ದಿನ ಹೋಗಿಬರಬಹುದು. ನಮ್ಮ ಭಾಗದ ಏಳು ಎಂಟು ದೇಶಗಳು ಒಮ್ಮತಕ್ಕೆ ಬರುವುದನ್ನು ಕಾಯುವ ಬದಲು, ಭಾರತ ಮತ್ತು ಶ್ರೀಲಂಕಾ ಸಾಗರ ಪ್ರವಾಸೋದ್ಯಮದ ಕೆಲವೇ ಕೆಲಸಗಳಿಗೆ ಹಂಗಾಮಿನ ಪರವಾನಗಿ ಕೊಟ್ಟು ನೋಡಬಹುದಿತ್ತು. 2025ರ ಏಪ್ರಿಲ್‌ನಲ್ಲಿ ಟ್ರಿಂಕೋಮಲಿಯನ್ನು ಇಂಧನ ಕೇಂದ್ರವಾಗಿ ಬೆಳೆಸಲು ಭಾರತ, ಶ್ರೀಲಂಕಾ ಮತ್ತು ಯುಎಇ ತಿಳಿವಳಿಕೆ ಪತ್ರಕ್ಕೆ ಸಹಿಹಾಕಿದವು. ಎಣ್ಣೆ ಟ್ಯಾಂಕುಗಳಿಗೆ ಮೂರು ಸರ್ಕಾರಗಳು ಕೂತು ಮಾತಾಡಬಲ್ಲವಾದರೆ ಆಮ್ಲಜನಕದ ಸಿಲಿಂಡರ್ ಹೊತ್ತ ಹುಡುಗರ ವಿಷಯ ಅಷ್ಟು ಭಾರವಾಗಬೇಕಿಲ್ಲ. ತರಬೇತುದಾರರು ಇದನ್ನು ಓದಿದರೆ ತಿದ್ದುತ್ತಾರೆ: ಆ ಸಿಲಿಂಡರಿನಲ್ಲಿರುವುದು ಒತ್ತಿ ತುಂಬಿದ ಸಾಮಾನ್ಯ ಗಾಳಿ, ಆಮ್ಲಜನಕವಲ್ಲ.

ಕೊನೆಗೆ ಆದದ್ದು

ಮೂಲ ಯೋಜನೆಯ ಕಾಲುಭಾಗವಷ್ಟೇ ಉಳಿಯಿತು. ನಿಲಾವೇಲಿಯಲ್ಲಿ ಈಗಾಗಲೇ ನೋಂದಣಿ ಇರುವ, ಸ್ವಂತ ದೋಣಿ ನಡೆಸುವ ಸ್ಥಳೀಯ ಕುಟುಂಬವೊಂದರ ಸಂಸ್ಥೆಯಲ್ಲಿ ಇವರು ಅರ್ಧಕ್ಕಿಂತ ಕಡಿಮೆ ಪಾಲು ಪಡೆಯುತ್ತಾರೆ. ಹಣದ ಬಹುಭಾಗ ಹೋಗುವುದು ಕಂಪ್ರೆಸರ್ ಮತ್ತು ಸಲಕರಣೆಗಳಿಗೆ. ಜಾಗ ಆ ಕುಟುಂಬದ್ದೇ. ಮೂರು ಹಂಗಾಮುಗಳ ನಂತರ ಯಾರಿಗೆ ಬೇಡವೆನ್ನಿಸಿದರೂ ಸವಕಳಿ ಕಳೆದ ಬೆಲೆಗೆ ಸಲಕರಣೆಗಳನ್ನು ಆ ಕುಟುಂಬವೇ ಕೊಳ್ಳಬೇಕೆಂಬ ಷರತ್ತನ್ನು ನಾನು ಒತ್ತಾಯದಿಂದ ಸೇರಿಸಿದ್ದೇನೆ. ಇಲ್ಲಿಂದ ತರಬೇತುದಾರರೊಬ್ಬರೇ ಹೋಗುತ್ತಾರೆ. ಎರಡು ಗೋಕರ್ಣಗಳ ಯಾತ್ರೆಗೆ ಪೈಸೆಯ ಬಂಡವಾಳವೂ ಬೇಡವಾದ್ದರಿಂದ ಅದನ್ನು ಶಿರಸಿಯವರು ತಮ್ಮ ಅತಿಥಿಗಳ ನಡುವೆ ಪ್ರತ್ಯೇಕವಾಗಿ ಶುರುಮಾಡುತ್ತಾರೆ. ನೇಪಾಳದ ಹೋಂಸ್ಟೇಯ ಆಸೆಯನ್ನು ಅವರು ಬಿಟ್ಟಿದ್ದಾರೆ.

ಕರಡು ಒಪ್ಪಂದ ಎರಡೂ ಕಡೆ ಓಡಾಡುತ್ತಿರುವಾಗ, 2025ರ ನವೆಂಬರ್ ಕೊನೆಯಲ್ಲಿ ದಿತ್ವಾ ಚಂಡಮಾರುತ ಶ್ರೀಲಂಕಾವನ್ನು ಅಪ್ಪಳಿಸಿತು. ಪ್ರವಾಹ ಮತ್ತು ಭೂಕುಸಿತದಲ್ಲಿ ನೂರಾರು ಜನ ಸತ್ತರು. ನಿಲಾವೇಲಿಯ ಕುಟುಂಬ ಕ್ಷೇಮವಾಗಿದೆ, ಒಂದು ದೋಣಿ ಹೋಗಿದೆ. ಸುದ್ದಿ ತಿಳಿದ ಮೇಲೆ ತರಬೇತುದಾರರು ಒಪ್ಪಂದವನ್ನು ಮುಂದೂಡೋಣ ಎಂದರು. ಹಿರಿಯರು ಒಪ್ಪಲಿಲ್ಲ. ದೋಣಿ ಕಳೆದುಕೊಂಡವರ ಜೊತೆ ಮಾತು ಮುರಿಯುವ ಹೊತ್ತು ಇದಲ್ಲವೆಂದು ಹೇಳಿ, ಸಲಕರಣೆಗೆಂದು ತೆಗೆದಿಟ್ಟ ಹಣದ ಒಂದು ಭಾಗವನ್ನು ದೋಣಿಯ ನಷ್ಟ ತುಂಬಲು ತಿರುಗಿಸುವಂತೆ ಕರಡು ತಿದ್ದಲು ನನಗೆ ಸೂಚಿಸಿದರು. ಆ ಹೊಸ ಕಲಮನ್ನು ಬರೆದು, ಅದು ನಮ್ಮ ಸಾಗರೋತ್ತರ ಹೂಡಿಕೆ ನಿಯಮಗಳ ಪ್ರಕಾರ ಸಾಲವೋ ಪಾಲು ಬಂಡವಾಳವೋ ಎಂದು ತೀರ್ಮಾನಿಸಿ ಅರ್ಜಿ ನಮೂನೆ ತುಂಬುವ ಕೆಲಸ ಈಗ ನನ್ನ ಮೇಜಿನ ಮೇಲಿದೆ.